ಹಳೆಯ ಬಿಡಿಭಾಗ: ವಾಪಸಾತಿಗೂ ಒಂದು ನ್ಯಾಯ ಬೇಕು

ಹಳೆಯ ವಾಹನ ಮತ್ತು ಯಂತ್ರಗಳ ಬಿಡಿಭಾಗಗಳ ವ್ಯಾಪಾರ ಗುಜರಿ ಅಂಗಡಿಗಳ ಗೋಡೆ ದಾಟಿ ಬಹಳ ದಿನಗಳಾದವು. ಬೆಂಗಳೂರಿನ ಜೆ.ಸಿ. ರಸ್ತೆಗೋ ಶಿವಾಜಿನಗರಕ್ಕೋ ಹೋಗಿ, ಕೈಗೆ ಎಣ್ಣೆ ಹತ್ತಿಸಿಕೊಂಡು ಹುಡುಕಬೇಕಾಗಿದ್ದ ಗೇರು, ಪಂಪು, ಸೆಲ್ಫ್ ಮೋಟಾರುಗಳು ಈಗ ಮೊಬೈಲ್ ಪರದೆಯ ಮೇಲೆ ಬೆಲೆ ಸಹಿತ ಕಾಣಿಸುತ್ತವೆ. ಇದರಿಂದ ದೂರದ ಹಳ್ಳಿಯವರಿಗೆ ಆಗಿರುವ ಅನುಕೂಲ ಸಣ್ಣದಲ್ಲ. ಆದರೆ ಬಂದ ವಸ್ತು ಯಂತ್ರಕ್ಕೆ ಹೊಂದದಿದ್ದರೆ ಅಥವಾ ಕೆಲಸವನ್ನೇ ಮಾಡದಿದ್ದರೆ ಮುಂದೇನು? ಅದನ್ನು ಹಿಂದಿರುಗಿಸುವ ಹಕ್ಕು ಯಾರಿಗಿದೆ, ಸಾಗಣೆಯ ವೆಚ್ಚ ಯಾರದು, ಹಣ ಎಷ್ಟು ದಿನಗಳಲ್ಲಿ ಮರಳಬೇಕು? ಈ ಪ್ರಶ್ನೆಗಳಿಗೆ ಮಾರುವವನ ಬಳಿಯೂ ಕೊಳ್ಳುವವನ ಬಳಿಯೂ ಸ್ಪಷ್ಟ ಉತ್ತರವಿಲ್ಲ. ಉತ್ತರ ಇಲ್ಲದ ಕಡೆ ಬಲವಿದ್ದವನ ಮಾತೇ ಕಾನೂನಾಗುತ್ತದೆ.

ಕದಂಬರ ಕಾಲದ ಕಮಲನಾರಾಯಣ ದೇವಾಲಯದಿಂದ ಹೆಸರಾದ, ಕಿತ್ತೂರು ಸೀಮೆಯ ದೇಗಾಂವದಂತಹ ಊರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮುಂಗಾರಿನ ಬಿತ್ತನೆಯ ಹೊತ್ತಿಗೆ ರೈತನೊಬ್ಬನ ಇಪ್ಪತ್ತು ವರ್ಷ ಹಳೆಯ ಟ್ರ್ಯಾಕ್ಟರಿನ ಹೈಡ್ರಾಲಿಕ್ ಪಂಪು ಕೆಡುತ್ತದೆ ಎಂದು ಭಾವಿಸೋಣ. ಆ ಮಾದರಿಯ ಹೊಸ ಪಂಪು ಡೀಲರನ ಬಳಿ ಇಲ್ಲ. ಇದ್ದರೂ ಬೆಲೆ ಕೈಗೆಟಕುವುದಿಲ್ಲ. ಪುಣೆಯ ಮಾರಾಟಗಾರನೊಬ್ಬನ ಜಾಹೀರಾತು ನೋಡಿ ಹಣ ಕಳುಹಿಸಿ ಹಳೆಯ ಪಂಪು ತರಿಸುತ್ತಾನೆ. ಬಂದ ಪಂಪಿನ ಶಾಫ್ಟಿನ ಹಲ್ಲುಗಳೇ ಬೇರೆ. ಫೋನು ಮಾಡಿದರೆ, 'ಹಳೇ ಸಾಮಾನಿಗೆ ವಾಪಸ್ ಇಲ್ಲ' ಎಂಬ ಒಂದೇ ಉತ್ತರ. ಇಲ್ಲಿ ರೈತ ಕಳೆದುಕೊಂಡದ್ದು ಪಂಪಿನ ಬೆಲೆಯನ್ನಷ್ಟೇ ಅಲ್ಲ. ಎರೆಭೂಮಿಯಲ್ಲಿ ಒಮ್ಮೆ ತಪ್ಪಿದ ಹದ ಆತನಿಗಾಗಿ ಕಾಯುವುದಿಲ್ಲ.

ಇದರ ಇನ್ನೊಂದು ಮುಖವನ್ನೂ ನೋಡಬೇಕು. ಬಿಡಿಭಾಗ ಮಾರುವವರೆಲ್ಲ ದೊಡ್ಡ ಕಂಪೆನಿಗಳಲ್ಲ. ಹುಬ್ಬಳ್ಳಿ, ಬೆಳಗಾವಿಯಂತಹ ಊರುಗಳಲ್ಲಿ ಹಳೆಯ ವಾಹನ ಬಿಚ್ಚಿ, ಉಳಿದ ಒಳ್ಳೆಯ ಭಾಗಗಳನ್ನು ತೊಳೆದು ಮಾರಿ ಸಂಸಾರ ಸಾಗಿಸುವವರು ಅನೇಕರು. ಅಂತಹ ಒಬ್ಬ ಚೆನ್ನಾಗಿ ನಡೆಯುವ ಆಲ್ಟರ್ನೇಟರ್ ಕಳುಹಿಸಿದರೆ, ಮೂರು ವಾರಗಳ ಬಳಿಕ ಅದೇ ಪೆಟ್ಟಿಗೆಯಲ್ಲಿ ವೈಂಡಿಂಗ್ ಸುಟ್ಟುಹೋದ ಬೇರೊಂದು ಹಿಂದಕ್ಕೆ ಬರಬಹುದು. ದೋಷ ಯಾವ ಭಾಗದ್ದೆಂದು ತಿಳಿಯಲು ಮಾತ್ರ ಒಂದನ್ನು ತರಿಸಿ, ಜೋಡಿಸಿ ನೋಡಿ, ಕೆಲಸ ಮುಗಿದ ಮೇಲೆ 'ಬೇಡ' ಎನ್ನುವ ಗ್ಯಾರೇಜುಗಳೂ ಇರಬಹುದು. ಎರಡು ಕಡೆಯ ಸಾಗಣೆ ವೆಚ್ಚವೂ ತನ್ನ ಮೇಲೇ ಬಿದ್ದರೆ ಸಣ್ಣ ವ್ಯಾಪಾರಿಗೆ ವಾರದ ದುಡಿಮೆ ಹೋದಂತೆ. ಆದ್ದರಿಂದ ವಾಪಸಾತಿಯ ಪ್ರಶ್ನೆಯನ್ನು ಕೊಳ್ಳುವವನ ಪಾಡು ಎಂದಾಗಲಿ, ಮಾರುವವನ ಮೊಂಡುತನ ಎಂದಾಗಲಿ ಒಂದೇ ಕಣ್ಣಿನಿಂದ ನೋಡುವುದು ಸರಿಯಲ್ಲ.

ಬಳಸಿದ ವಸ್ತುವಿನ ವ್ಯಾಪಾರಕ್ಕೆ ನಮ್ಮಲ್ಲಿ ಹಿಂದಿನಿಂದಲೂ ಒಂದು ಕಟ್ಟಳೆ ಇತ್ತು. ದನದ ಸಂತೆಯಲ್ಲಿ ಎತ್ತಿನ ಹಲ್ಲು ನೋಡದೆ, ನಡೆಸಿ ನೋಡದೆ ಯಾರೂ ಹಣ ಎಣಿಸುತ್ತಿರಲಿಲ್ಲ. ನೋಡಿ ಕೊಂಡ ಮೇಲೆ ದೂರುವ ಹಾಗೂ ಇರಲಿಲ್ಲ. ಗುಜರಿ ಮಾರುಕಟ್ಟೆಗಳ 'ಚೆಕಿಂಗ್ ವಾರಂಟಿ'ಯೂ ಇದೇ ಜಾತಿಯದು: ತೆಗೆದುಕೊಂಡು ಹೋಗಿ ಜೋಡಿಸಿ ನೋಡು, ನಡೆಯದಿದ್ದರೆ ಕೂಡಲೇ ತಂದುಕೊಡು, ಆಮೇಲೆ ಕೇಳಬೇಡ. ಕೊಳ್ಳುವವನಿಗೆ ಕಣ್ಣು, ಕೈ ಎರಡೂ ಇದ್ದುದರಿಂದ ಈ ಕಟ್ಟಳೆ ನ್ಯಾಯವಾಗಿತ್ತು. ಅಂತರ್ಜಾಲದ ವ್ಯಾಪಾರ ಆ ಕಣ್ಣನ್ನೂ ಕೈಯನ್ನೂ ಕಿತ್ತುಕೊಂಡಿದೆ. ಕೊಳ್ಳುವವನ ಮುಂದೆ ಉಳಿದಿರುವುದು ಒಂದು ಚಿತ್ರ ಮತ್ತು ಮಾರುವವನ ನಾಲ್ಕು ಮಾತು ಮಾತ್ರ. ಹೀಗಿರುವಾಗ 'ನೋಡಿ ಕೊಳ್ಳಬೇಕಾಗಿತ್ತು' ಎಂಬ ಹಳೆಯ ವಾದ ನಿಲ್ಲುವುದಿಲ್ಲ. ಆ ನಾಲ್ಕು ಮಾತು ನಿಜವೇ ಎಂಬುದೇ ವಾಪಸಾತಿಯ ಒರೆಗಲ್ಲಾಗಬೇಕು.

ಕಾನೂನಿನ ಆಶಯವೂ ಇದಕ್ಕಿಂತ ಬೇರೆಯಲ್ಲ. 1930ರ ಸರಕು ಮಾರಾಟ ಕಾಯ್ದೆಯ 15ನೇ ಕಲಮಿನ ಪ್ರಕಾರ, ವಿವರಣೆಯ ಮೇಲೆ ಮಾರಿದ ಸರಕು ಆ ವಿವರಣೆಗೆ ಹೊಂದಲೇಬೇಕು. ಕೊಳ್ಳುವವನು ತನ್ನ ಉದ್ದೇಶವನ್ನು ತಿಳಿಸಿ, ಆ ಬಗೆಯ ಸರಕಿನ ವ್ಯಾಪಾರಿಯ ತಿಳಿವಳಿಕೆಯನ್ನು ನಂಬಿ ಕೊಂಡಿದ್ದರೆ, ಸರಕು ಆ ಉದ್ದೇಶಕ್ಕೆ ತಕ್ಕಮಟ್ಟಿಗೆ ಒದಗಬೇಕೆನ್ನುತ್ತದೆ 16ನೇ ಕಲಮು. ಮೊದಲೇ ನೋಡದ ಸರಕನ್ನು ಬಂದ ಮೇಲೆ ಪರೀಕ್ಷಿಸಲು ಯುಕ್ತ ಅವಕಾಶ ಕೊಳ್ಳುವವನಿಗೆ ಇದೆ. ನ್ಯಾಯವಾಗಿ ತಿರಸ್ಕರಿಸಿದ ಸರಕನ್ನು ಆತನೇ ಹೊತ್ತು ಹಿಂದಕ್ಕೆ ತಲುಪಿಸಬೇಕಾಗಿಲ್ಲ. ಬೇರೆ ಒಪ್ಪಂದ ಇಲ್ಲದಿದ್ದರೆ, ತಿರಸ್ಕರಿಸಿದ್ದೇನೆ ಎಂದು ತಿಳಿಸಿದರೆ ಸಾಕು ಎನ್ನುತ್ತದೆ 43ನೇ ಕಲಮು. ಅದೇ ಕಾಯ್ದೆ ಮಾರುವವನನ್ನೂ ಕಾಪಾಡುತ್ತದೆ. ಯುಕ್ತ ಕಾಲ ಮೀರಿದರೂ ತಕರಾರು ತಿಳಿಸದೆ ಸರಕನ್ನು ಇಟ್ಟುಕೊಂಡವನು ಅದನ್ನು ಒಪ್ಪಿಕೊಂಡಂತೆ. ಹಂಗಾಮು ಪೂರ್ತಿ ಓಡಿಸಿ, ಸುಗ್ಗಿಯಾದ ಮೇಲೆ ಪಂಪನ್ನು ಹಿಂದಿರುಗಿಸುತ್ತೇನೆ ಎನ್ನಲು ಅವಕಾಶವಿಲ್ಲ.

ತೊಂಬತ್ತು ವರ್ಷಗಳಿಗೂ ಹಳೆಯದಾದ ಈ ಕಾಯ್ದೆಯ ಮೇಲೆ ಹೊಸ ಕಾನೂನುಗಳೂ ಬಂದಿವೆ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯ ಪ್ರಕಾರ ಹಳೆಯ ಅಥವಾ ರಿಪೇರಿ ಮಾಡಿದ ವಸ್ತುವನ್ನು ಹೊಸದೆಂದು ಹೇಳಿ ಮಾರುವುದು ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ಸರಕನ್ನು ರಸೀದಿಯಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ ಹಿಂದಕ್ಕೆ ಪಡೆದು ಹಣ ಮರಳಿಸಲು ಒಪ್ಪದಿರುವುದೂ ಅದೇ ಅಪರಾಧ. 2020ರ ಇ-ವಾಣಿಜ್ಯ ನಿಯಮಗಳು ಇನ್ನೂ ಮುಂದೆ ಹೋಗಿ, ಜಾಹೀರಾತಿನಲ್ಲಿ ಹೇಳಿದ ಗುಣ ಇಲ್ಲದ ಸರಕನ್ನು ಹಿಂದಕ್ಕೆ ಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ ಎಂದಿವೆ. ಮಾರಾಟ ತಾಣದ ಕುಂದುಕೊರತೆ ಅಧಿಕಾರಿ ದೂರನ್ನು 48 ಗಂಟೆಗಳಲ್ಲಿ ಸ್ವೀಕರಿಸಿದ್ದಾಗಿ ತಿಳಿಸಿ, ಒಂದು ತಿಂಗಳಲ್ಲಿ ಪರಿಹರಿಸಬೇಕು. ರಸೀದಿಯ ತಳದಲ್ಲಿ ಅಚ್ಚು ಹಾಕುವ 'ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ' ಎಂಬ ಸಾಲಿಗೆ ಈ ಕಾನೂನುಗಳ ಮುಂದೆ ಬೆಲೆ ಇಲ್ಲ.

ಆದರೆ ನಿಯಮದ ಬಲೆಯಲ್ಲಿ ದೊಡ್ಡ ತೂತೊಂದಿದೆ. ವೃತ್ತಿಯಾಗಿ ಅಥವಾ ನಿಯತವಾಗಿ ಅಲ್ಲದೆ, ಸ್ವಂತ ನೆಲೆಯಲ್ಲಿ ಮಾರುವ ವ್ಯಕ್ತಿಗೆ 2020ರ ನಿಯಮಗಳು ಅನ್ವಯಿಸುವುದಿಲ್ಲ. ಮನೆಯ ಮೂಲೆಯಲ್ಲಿದ್ದ ಹಳೆಯ ಬೈಕಿನ ಎಂಜಿನ್ ಮಾರುವವನ ಮೇಲೆ ಕಂಪೆನಿಗಳ ಹೊರೆ ಹೊರಿಸಬಾರದೆಂಬುದು ಇದರ ಆಶಯ, ಅದು ಸರಿಯೂ ಹೌದು. ಆದರೆ ತಿಂಗಳಿಗೆ ಹತ್ತಾರು ಎಂಜಿನ್ ಮಾರುವವನೂ ಇದೇ ವೇಷ ಹಾಕಿಕೊಳ್ಳಬಹುದಲ್ಲ? ಇದರ ಜೊತೆಗೆ, ವರ್ಗೀಕೃತ ಜಾಹೀರಾತಿನ ತಾಣಗಳಲ್ಲಿ ಹಣ ಬಹುಮಟ್ಟಿಗೆ ಯುಪಿಐ ಮೂಲಕ ನೇರವಾಗಿ ಕೈ ಸೇರುತ್ತದೆ. ಜಗಳ ಬಂದಾಗ ತಾಣ 'ನಾವು ಪರಿಚಯ ಮಾಡಿಸಿದವರು ಮಾತ್ರ' ಎಂದು ಕೈತೊಳೆದುಕೊಂಡರೆ, ಕೊಂಡವನಿಗೆ ಉಳಿಯುವುದು ಒಂದು ಫೋನ್ ನಂಬರು ಮಾತ್ರ.

ಹಾಗಾದರೆ ಕಾರಣ ಕೇಳದೆ ಎಲ್ಲವನ್ನೂ ವಾಪಸ್ ಪಡೆಯಬೇಕೇ? ಯೂರೋಪ್ ಒಕ್ಕೂಟದ 2011ರ ನಿರ್ದೇಶನ, ವರ್ತಕರಿಂದ ದೂರದಲ್ಲಿ ಕುಳಿತು ಕೊಂಡ ಹೆಚ್ಚಿನ ಸರಕುಗಳನ್ನು 14 ದಿನಗಳಲ್ಲಿ ಕಾರಣ ಹೇಳದೆ ಹಿಂದಿರುಗಿಸುವ ಹಕ್ಕು ಕೊಟ್ಟಿದೆ. ಭಾರತದ ಕಾನೂನಿನಲ್ಲಿ ಅಂತಹ ಸಾಮಾನ್ಯ ಹಕ್ಕಿಲ್ಲ. ಹಳೆಯ ಬಿಡಿಭಾಗಗಳ ಮಟ್ಟಿಗೆ ಅದು ಇಲ್ಲದಿರುವುದೇ ಲೇಸು. ಹೊಸ ಅಂಗಿಯನ್ನು ಮಡಚಿ ಮತ್ತೆ ಮಾರಬಹುದು; ಒಮ್ಮೆ ಜೋಡಿಸಿ ಬಿಚ್ಚಿದ ಪಂಪಿನ ಸೀಲು, ಒಮ್ಮೆ ತಪ್ಪಾಗಿ ಕರೆಂಟು ಹರಿದ ನಿಯಂತ್ರಣ ಪೆಟ್ಟಿಗೆ ಹಾಗಲ್ಲ. ಮನಸ್ಸು ಬದಲಾಯಿತೆಂಬ ಕಾರಣಕ್ಕೆ ಹಿಂದಿರುಗಿಸುವ ಹಕ್ಕು ಕೊಟ್ಟರೆ ಸಣ್ಣ ವ್ಯಾಪಾರಿ ಅಂಗಡಿ ಮುಚ್ಚುತ್ತಾನೆ, ಉಳಿಯುವುದು ಮೋಸಗಾರ ಮಾತ್ರ. ಹೇಳಿದ್ದಕ್ಕೆ ಹೊಂದದ, ಹೇಳಿದಂತೆ ನಡೆಯದ ವಸ್ತುವಿಗೆ ಪೂರ್ತಿ ಹಣ ಮತ್ತು ಸಾಗಣೆ ವೆಚ್ಚ ಮಾರಿದವನದು. ಕೊಳ್ಳುವವನೇ ತಪ್ಪು ಮಾದರಿ ಹೇಳಿ ತರಿಸಿದ್ದರೆ ವೆಚ್ಚ ಅವನದು. ಈ ಎರಡು ಮಾತುಗಳಲ್ಲಿ ನ್ಯಾಯದ ಬಹುಪಾಲು ಅಡಗಿದೆ.

ಇದು ನಡೆಯಬೇಕಾದರೆ ಮಾರುವವನು 'ಕಂಡೀಶನ್ ಚೆನ್ನಾಗಿದೆ' ಎಂಬ ಸವಕಲು ಮಾತು ಬಿಡಬೇಕು. ಭಾಗದ ಮೇಲೆ ಕೊರೆದಿರುವ ಸಂಖ್ಯೆ, ಯಾವ ಮಾದರಿಯ ಯಾವ ವರ್ಷದ ವಾಹನದಿಂದ ತೆಗೆದದ್ದು, ಏಕೆ ತೆಗೆದದ್ದು, ಬಿರುಕು ಅಥವಾ ವೆಲ್ಡಿಂಗ್ ಎಲ್ಲಿದೆ ಎಂಬುದನ್ನು ಹೇಳಬೇಕು. ಪರೀಕ್ಷಿಸಿದ್ದರೆ ಹೇಗೆ ಎಂದು, ಪರೀಕ್ಷಿಸಿಲ್ಲದಿದ್ದರೆ ಇಲ್ಲವೆಂದು ಹೇಳಬೇಕು. ಚೆಕಿಂಗ್ ಅವಧಿ ಎಷ್ಟು ದಿನ ಎಂಬುದನ್ನು ಹಣ ಪಡೆಯುವ ಮೊದಲೇ ಬರೆದು ಕೊಡಬೇಕು. ಕಳುಹಿಸುವ ಮುನ್ನ ಅಳಿಸಲಾಗದ ಗುರುತೊಂದನ್ನು ಹಾಕಿ ಚಿತ್ರ ತೆಗೆದಿಟ್ಟರೆ, ಪೆಟ್ಟಿಗೆಯಲ್ಲಿ ಬೇರೆ ವಸ್ತು ಮರಳಿದಾಗ ಅದೇ ಸಾಕ್ಷಿ.

ಕೊಳ್ಳುವವನ ಕರ್ತವ್ಯವೂ ಕಡಿಮೆಯಲ್ಲ. ತನ್ನ ಯಂತ್ರದ ಹಳೆಯ ಭಾಗದ ಸಂಖ್ಯೆ ನೋಡಿಯೇ ಬೇಡಿಕೆ ಸಲ್ಲಿಸಬೇಕು. ಪೆಟ್ಟಿಗೆ ಒಡೆಯುವಾಗ ವಿಡಿಯೊ ಮಾಡಿಕೊಳ್ಳಬೇಕು. ಜೋಡಿಸುವ ಮುನ್ನ ಹೋಲಿಸಿ ನೋಡಬೇಕು. ದೋಷ ಕಂಡರೆ ತಾನೇ ಬಿಚ್ಚಿ ರಿಪೇರಿಗೆ ಕೈಹಾಕದೆ, ಅದೇ ದಿನ ಬರವಣಿಗೆಯಲ್ಲಿ ತಿಳಿಸಬೇಕು. ಫೋನಿನಲ್ಲಿ ಬೈದಾಡಿದ್ದು ಸಾಕ್ಷಿಯಾಗುವುದು ಕಷ್ಟ, ಎರಡು ಸಾಲಿನ ಸಂದೇಶ ಸಾಕ್ಷಿಯಾಗುತ್ತದೆ.

ಇಷ್ಟಾದರೂ ಇಬ್ಬರ ನಡುವೆ ನಂಬಿಕೆ ಮೂಡಬೇಕಾದರೆ ಹಣ ಮಧ್ಯದಲ್ಲಿ ನಿಲ್ಲಬೇಕು. ಬಿಡಿಭಾಗಗಳ ಜಾಹೀರಾತಿನಿಂದ ಲಾಭ ಮಾಡುವ ತಾಣಗಳು, ಚೆಕಿಂಗ್ ಅವಧಿ ಮುಗಿಯುವವರೆಗೆ ಹಣವನ್ನು ಹಿಡಿದಿಡುವ ವ್ಯವಸ್ಥೆಯನ್ನು ಒದಗಿಸಬೇಕು. ನಿಗದಿತ ಸಂಖ್ಯೆಗಿಂತ ಹೆಚ್ಚು ವಸ್ತು ಮಾರುವವರನ್ನು ವ್ಯಾಪಾರಿಗಳೆಂದೇ ನೋಂದಾಯಿಸಬೇಕು. ಖಾಲಿ ಪೆಟ್ಟಿಗೆ, ಬದಲಿ ವಸ್ತು ಹಿಂದಿರುಗಿಸುವವರ ಮೇಲೂ ಕ್ರಮ ಬೇಕು. ವಾಪಸಾತಿಯ ಷರತ್ತುಗಳು ಕನ್ನಡದಲ್ಲಿ ಇರಬೇಕು. ಜಾಹೀರಾತನ್ನು ಕನ್ನಡದಲ್ಲಿ ತೋರಿಸಿ, ಷರತ್ತನ್ನು ಮಾತ್ರ ಇಂಗ್ಲಿಷಿನಲ್ಲಿ ಅಡಗಿಸಿಡುವುದು ಪ್ರಾಮಾಣಿಕ ವ್ಯಾಪಾರವಲ್ಲ.

ಸರ್ಕಾರದ ಹೊಣೆಯೂ ಇದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ 'ರಿಪೇರಿಯ ಹಕ್ಕಿ'ನ ಚೌಕಟ್ಟು ರೂಪಿಸಲು ಸಮಿತಿ ನೇಮಿಸಿ, ಕೃಷಿ ಯಂತ್ರಗಳನ್ನೂ ವಾಹನಗಳನ್ನೂ ಅದರ ವ್ಯಾಪ್ತಿಗೆ ತಂದಿತು. ಅದೇ ವರ್ಷದ ಡಿಸೆಂಬರ್ 24ರಂದು ಅದಕ್ಕಾಗಿ ಪೋರ್ಟಲ್ ಕೂಡ ಆರಂಭವಾಯಿತು. ತಯಾರಕರು ಕೈಬಿಟ್ಟ ಮಾದರಿಯ ಯಂತ್ರವನ್ನು ರಿಪೇರಿ ಮಾಡಲು ಹಳೆಯ ಬಿಡಿಭಾಗವೇ ಗತಿ. ಅದರ ಮಾರುಕಟ್ಟೆ ನಂಬಿಕೆಗೆ ಅರ್ಹವಲ್ಲದಿದ್ದರೆ ರಿಪೇರಿಯ ಹಕ್ಕು ಕಾಗದದ ಹಕ್ಕಾಗಿಯೇ ಉಳಿಯುತ್ತದೆ. ಇ-ವಾಣಿಜ್ಯ ನಿಯಮಗಳಲ್ಲಿ ಬಳಸಿದ ವಸ್ತುಗಳಿಗೆ ಪ್ರತ್ಯೇಕ ಅಧ್ಯಾಯ ಸೇರಿಸಿ, ಏನನ್ನು ಬಹಿರಂಗಪಡಿಸಬೇಕು, ಪರೀಕ್ಷೆಗೆ ಕನಿಷ್ಠ ಎಷ್ಟು ದಿನ, ಸಾಗಣೆಯ ಹೊಣೆ ಯಾರದು ಎಂಬುದನ್ನು ಖಚಿತಪಡಿಸಬೇಕು.

ಅದು ಬರುವವರೆಗೆ ಇರುವ ದಾರಿಗಳನ್ನಾದರೂ ಜನರಿಗೆ ತಿಳಿಸಬೇಕು. ಕೊಂಡವನು ತಾನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಪುಣೆಗೆ ಅಲೆಯಬೇಕಾಗಿಲ್ಲ. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ಸ್ವಯಂ ಉದ್ಯೋಗದಿಂದ ಜೀವನ ನಡೆಸಲು ಕೊಂಡ ವಸ್ತುವಾದರೆ ಅವನು ಗ್ರಾಹಕನೇ ಎಂದು ಕಾಯ್ದೆ ಒಪ್ಪುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಗ್ರಾಮ ಪಂಚಾಯಿತಿಯ ಫಲಕದಲ್ಲಿ, ಎಪಿಎಂಸಿ ಪ್ರಾಂಗಣದಲ್ಲಿ, ರೈತ ಸಂಪರ್ಕ ಕೇಂದ್ರದಲ್ಲಿ ಇವಿಷ್ಟನ್ನು ಕನ್ನಡದಲ್ಲಿ ಬರೆದು ಹಾಕಲು ಹೊಸ ಕಾನೂನೂ ಬೇಡ, ದೊಡ್ಡ ಅನುದಾನವೂ ಬೇಡ. ಮುಂದಿನ ಬಿತ್ತನೆಗೆ ಮುನ್ನ ಜಿಲ್ಲಾಡಳಿತ ಇಷ್ಟನ್ನಾದರೂ ಮಾಡಬೇಕು.