ಜಾಗೃತಿ ಸಾಕು, ಹೋಗಿಬರುವ ಖರ್ಚು ಕೊಡಿ

ಬೆಂಗಳೂರಿನ ಕಂಪನಿಯೊಂದು ಕ್ಯಾನ್ಸರ್ ಓಟಕ್ಕೆ ಕರೆದಿತ್ತು. ಶುಲ್ಕ ಕಟ್ಟಿದರೆ ಟೀ ಶರ್ಟು, ಪದಕ, ಆಮೇಲೆ ತಿಂಡಿ. ಈ ಹಣದಲ್ಲಿ ರೋಗಿಗಳಿಗೆ ಹೋಗುವುದೆಷ್ಟು ಎಂದು ಬರೆದು ಕೇಳಿದೆ. ಇದು ನಿಧಿ ಸಂಗ್ರಹವಲ್ಲ ಸಾರ್, ಜಾಗೃತಿ ಎಂದರು. ನನ್ನ ತಕರಾರು ಇರುವುದು ಈ ಉತ್ತರದ ಮೇಲೆಯೇ.

ರಕ್ತದ ಕ್ಯಾನ್ಸರಿನಿಂದ ಹೋದಾಗ ನನ್ನ ಗೆಳೆಯನಿಗೆ ಹತ್ತೊಂಬತ್ತು ವರ್ಷ. ಬೀಡಿ ಸೇದಿದವನಲ್ಲ, ಗುಟ್ಕಾ ಮುಟ್ಟಿದವನಲ್ಲ. ನಮ್ಮ ಐಮಂಗಲದಲ್ಲಿ ಪೊಲೀಸ್ ತರಬೇತಿ ಶಾಲೆ ಇದೆ. ಅಲ್ಲಿಯ ಕವಾಯತು ನೋಡುತ್ತ ಬೆಳೆದ ಹುಡುಗರಿಗೆ ಓಟವೆಂದರೆ ಆರೋಗ್ಯವಲ್ಲ, ನೌಕರಿ. ಕಾನ್‌ಸ್ಟೆಬಲ್ ಆಗಲು 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ಹೆದ್ದಾರಿ ಪಕ್ಕದ ರಸ್ತೆಯಲ್ಲಿ ಅವನು ದಿನವೂ ಅದನ್ನೇ ಅಭ್ಯಾಸ ಮಾಡುತ್ತಿದ್ದ. ಬರಬರುತ್ತ ಏಳು ನಿಮಿಷ ಹಿಡಿಯತೊಡಗಿತು, ಆಮೇಲೆ ಅರ್ಧ ದಾರಿಗೇ ಕೂತುಬಿಡುತ್ತಿದ್ದ. ಬಿಡದ ಜ್ವರ, ಮೂಳೆ ನೋವು, ಏಟು ಬೀಳದಿದ್ದರೂ ಮೈಮೇಲೆ ನೀಲಿ ಕಲೆ. ಒಬ್ಬ ವೈದ್ಯರು ಟೈಫಾಯ್ಡ್ ಅಂದರು, ಇನ್ನೊಬ್ಬರು ಟಾನಿಕ್ ಬರೆದರು. ರಕ್ತ ಪರೀಕ್ಷೆ ಆಗುವ ಹೊತ್ತಿಗೆ ಎರಡು ತಿಂಗಳು ಕಳೆದಿತ್ತು.

ಟೀ ಶರ್ಟಿನ ಯಾವ ಘೋಷಣೆ ಇವನನ್ನು ಉಳಿಸುತ್ತಿತ್ತು? ತಂಬಾಕು ಬಿಡಿ, ತಪಾಸಣೆ ಮಾಡಿಸಿಕೊಳ್ಳಿ ಎನ್ನುವುದು ಬಾಯಿಯ ಕ್ಯಾನ್ಸರಿಗೆ ಸರಿಯಾದ ಮಾತು. ಎಳೆಯರ ಕ್ಯಾನ್ಸರನ್ನು ಸಾಮಾನ್ಯವಾಗಿ ಹಾಗೆ ತಡೆಯಲಾಗದು, ಶಿಬಿರ ಹಾಕಿ ಮೊದಲೇ ಹಿಡಿಯಲೂ ಆಗದು. ಅಲ್ಲಿ ಬೇಕಾದ ಜಾಗೃತಿ ಬೇರೆ. ಇಂಥ ಲಕ್ಷಣ ಕಂಡ ಕೂಡಲೇ ರಕ್ತ ಪರೀಕ್ಷೆಗೆ ಬರೆಯುವವರು ಬೇಕು. ಅವರು ಹಳ್ಳಿಯ ಕ್ಲಿನಿಕ್ಕುಗಳಲ್ಲಿರಬೇಕು, ಭಾನುವಾರದ ಓಟಗಳಲ್ಲಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಹತ್ತೊಂಬತ್ತರವರೆಗಿನವರೂ ಮಕ್ಕಳೇ. ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಇಂಥ ಮಕ್ಕಳಲ್ಲಿ ಶೇ. 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಬಡ ಮತ್ತು ಮಧ್ಯಮ ಆದಾಯದ ಎಷ್ಟೋ ದೇಶಗಳಲ್ಲಿ ಶೇ. 30 ಕೂಡ ಇಲ್ಲ. ತಡವಾಗಿ ಪತ್ತೆಯಾಗುವುದು ಒಂದು ಕಾರಣ. ಚಿಕಿತ್ಸೆಯನ್ನು ನಡುವೆ ಕೈಬಿಡುವುದು ಇನ್ನೊಂದು. ಕೈಬಿಡುವುದು ಹೇಗೆ ಎಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ 2018ರಲ್ಲಿ ಬಂತು, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಅದು ಬಹಳ ದೊಡ್ಡ ಆಸರೆ, ಸುಳ್ಳಾಡಬಾರದು. ಆದರೆ ಗೆಳೆಯನ ತಾಯಿ ಕೇಳಿದ್ದು ಇಷ್ಟೇ: “ಬಿಲ್ಲಿಗೆ ಕಾರ್ಡೈತೆ ಕಣಪ್ಪ. ಹೋಗಿ ಬರಾಕೆ, ಅಲ್ಲಿ ಉಣ್ಣಾಕೆ ಯಾವ ಕಾರ್ಡೈತೆ?”

ಸ್ಲೀಪರ್ ದರ್ಜೆಯಲ್ಲಿ ರೈಲ್ವೆ ಕ್ಯಾನ್ಸರ್ ರೋಗಿಗೆ ಪೂರ್ತಿ, ಜೊತೆಗೊಬ್ಬರಿಗೆ ಶೇ. 75 ರಿಯಾಯಿತಿ ಕೊಡುತ್ತದೆ. ಹಿರಿಯೂರಿಗೆ ರೈಲೇ ಇಲ್ಲ! ತುಮಕೂರು–ದಾವಣಗೆರೆ ಮಾರ್ಗ ನಮ್ಮ ಕಡೆಯಿಂದಲೇ ಹಾದುಹೋಗಬೇಕು, ಕಾಮಗಾರಿ ವರ್ಷಗಳಿಂದ ನಡೆಯುತ್ತಲೇ ಇದೆ. 2023ರಲ್ಲಿ ಶಕ್ತಿ ಯೋಜನೆ ಬಂದು ತಾಯಂದಿರ ಟಿಕೆಟ್ ಉಳಿಯಿತು, ಮಗನದು ಉಳಿಯಲಿಲ್ಲ. ಅದೂ ಇರಲಿ, ಕೀಮೋ ಆದವನ ಬಿಳಿ ರಕ್ತಕಣ ಕುಸಿದಿರುತ್ತವೆ. ಅವನನ್ನು ತುಂಬಿ ತುಳುಕುವ ಬಸ್ಸಿನಲ್ಲಿ ಮೂರ್ನಾಲ್ಕು ಗಂಟೆ ನಿಲ್ಲಿಸಿಕೊಂಡು ಬರುವುದು ಸೋಂಕನ್ನು ಕರೆದು ಕೂರಿಸಿದಂತೆ. ಕಾರು ಬೇಕು. ಜೊತೆಗೆ ಹೋದವರ ಕೂಲಿ ಬೇರೆ ಹೋಯಿತು. ಐದನೇ ಸಲಕ್ಕೆ ಸಾಲ ಕೊಡುವವರು ಸಿಗುವುದಿಲ್ಲ. ‘ಮುಂದಿನ ವಾರ ಹೋದರಾಯ್ತು’ ಎನ್ನುತ್ತಾರೆ. ಕೈಬಿಡುವುದು ಹೀಗೆ. ‘ಹೋರಾಡಿ ಸೋತ’ ಎಂದು ನಾವು ಶ್ರದ್ಧಾಂಜಲಿ ಬರೆಯುತ್ತೇವೆ.

ಕ್ಯಾನ್ಸರಿಗಾಗಿ ಓಡುವ ಎಲ್ಲರೂ ಟೆರ್ರಿ ಫಾಕ್ಸ್ ಹೆಸರು ಹೇಳುತ್ತಾರೆ. ಮೂಳೆ ಕ್ಯಾನ್ಸರಿನಿಂದ ಬಲಗಾಲು ಕಳೆದುಕೊಂಡ ಆ ಕೆನಡಾದ ಹುಡುಗ 1980ರ ಏಪ್ರಿಲಿನಿಂದ 143 ದಿನ, ಕೃತಕ ಕಾಲಿನಲ್ಲಿ 5,373 ಕಿ.ಮೀ. ಓಡಿದ. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿ ಓಟ ನಿಂತಿತು. ಮರುವರ್ಷ ಜೂನಿನಲ್ಲಿ, ಇಪ್ಪತ್ತೆರಡಕ್ಕೇ ತೀರಿಕೊಂಡ. ಅವನು ಜಾಗೃತಿ ಕೇಳಲಿಲ್ಲ. ಸಂಶೋಧನೆಗೆಂದು ಕೆನಡಾದ ಪ್ರತಿಯೊಬ್ಬರಿಂದ ಒಂದು ಡಾಲರ್ ಕೇಳಿದ, ಬದುಕಿದ್ದಾಗಲೇ 2.4 ಕೋಟಿ ಡಾಲರ್ ದಾಟಿದ್ದನ್ನು ಕಂಡ. ತನ್ನ ಓಟದಿಂದ ಕಂಪನಿಗಳು ಜಾಹೀರಾತಿನ ಲಾಭ ಮಾಡಿಕೊಳ್ಳಲು ಒಪ್ಪಲಿಲ್ಲ. ನಮ್ಮ ಟೀ ಶರ್ಟುಗಳ ಬೆನ್ನ ಮೇಲೆ ಲಾಂಛನಗಳಿಗೇ ಜಾಗ ಸಾಲುವುದಿಲ್ಲ.

ಓಡದೆಯೇ ದುಡ್ಡು ಕೊಡಬಹುದಲ್ಲ ಎನ್ನುವವರಿದ್ದಾರೆ. ಧಾರಾಳವಾಗಿ ಕೊಡಿ. ನಮ್ಮೂರಲ್ಲಿ ಮಾತ್ರ, ಕಣ್ಣೆದುರು ಗೊತ್ತಿರುವ ಹುಡುಗರು ಏದುಸಿರು ಬಿಡುತ್ತ ಓಡಿದರೆ ಟೀ ಅಂಗಡಿಯವನೂ ಹತ್ತು ರೂಪಾಯಿ ತೆಗೆಯುತ್ತಾನೆ. ಡಬ್ಬಿ ಹಿಡಿದು ಮನೆಮನೆಗೆ ಹೋದರೆ ‘ನಾಳೆ ಬಾರಪ್ಪ’.

ಹಾಗಾಗಿ ಈ ಚಳಿಗಾಲದಲ್ಲಿ ನಾವು ಐಮಂಗಲದಲ್ಲೇ ಓಡುತ್ತಿದ್ದೇವೆ, 1600 ಮೀಟರು. ಶುಲ್ಕವಿಲ್ಲ, ಪದಕವಿಲ್ಲ, ಬ್ಯಾನರಿನಲ್ಲಿ ಯಾರ ಫೋಟೋವೂ ಇಲ್ಲ. ಗೆಳೆಯನದೂ ಬೇಡ ಎಂದು ಅವನ ತಾಯಿ ಹೇಳಿದ್ದಾರೆ. ಬಂದ ಹಣ ಕಾರಿನ ಬಾಡಿಗೆಗೆ, ಊಟಕ್ಕೆ, ಜೊತೆಗೆ ಹೋದವರ ಆ ದಿನದ ಕೂಲಿಗೆ. ಯಾವ ದಿನ ಎಷ್ಟು ಬಂತು, ಯಾವುದಕ್ಕೆ ಎಷ್ಟು ಹೋಯಿತು ಎಂಬುದನ್ನು ಬಸ್ ನಿಲ್ದಾಣದ ಗೋಡೆಗೆ ಅಂಟಿಸುತ್ತೇವೆ, ರೋಗಿಯ ಹೆಸರು ಮಾತ್ರ ಬರೆಯುವುದಿಲ್ಲ.