ಹಾರೋಕೆ ಹೋದೆ, ಹುಲ್ಲು ನೋಡಿ ಬಂದೆ

ಪ್ಯಾರಾಗ್ಲೈಡಿಂಗ್ ಮಾಡಲೇಬೇಕು ಅಂತ ಶನಿವಾರ ಬೆಳಗ್ಗೆ ಅಲಾರಂ ಇಟ್ಟು ಎದ್ದು ಹೋದವನು, ನೆಲದಿಂದ ಒಂದಡಿಯೂ ಮೇಲೇಳದೆ ವಾಪಸ್ ಬಂದೆ. ಆದರೂ ಆ ದಿನ ದಂಡ ಆಯ್ತು ಅಂತ ಅನ್ನಿಸಲಿಲ್ಲ.

ಆಗ ಕೆಲಸದ ಮೇಲೆ ಕೆಲವು ತಿಂಗಳು ಪ್ರಾಗ್‌ನಲ್ಲಿದ್ದೆ. ಅಲ್ಲಿಂದ ವಾಯವ್ಯಕ್ಕೆ ಸುಮಾರು 60 ಕಿಲೋಮೀಟರ್ ಹೋದರೆ, ಲೌನಿ ಎಂಬ ಊರಿನ ಹತ್ತಿರ ರಾನಾ ಗುಡ್ಡ. ಸಮುದ್ರಮಟ್ಟದಿಂದ ಬರೀ 457 ಮೀಟರ್ ಎತ್ತರ. ನಮ್ಮ ಬೆಂಗಳೂರೇ ಅದರ ಎರಡರಷ್ಟು ಎತ್ತರದಲ್ಲಿದೆ! ಆದರೆ ಹೊಲಗಳ ಪಕ್ಕದಲ್ಲೇ ಥಟ್ಟನೆ ಎದ್ದು ನಿಂತಿರುವುದರಿಂದ ದೊಡ್ಡದಾಗಿ ಕಾಣುತ್ತೆ. ಹಳೆಯ ಜ್ವಾಲಾಮುಖಿಗಳ ಬಸಾಲ್ಟ್ ಕಲ್ಲು. ಗೋಳಗುಮ್ಮಟ ಕಟ್ಟಿದ ಕಪ್ಪು ಕಲ್ಲಿನದೇ ಜಾತಿ. ಗುಡ್ಡದ ಮೇಲೆ ಮರಗಳಿಲ್ಲ, ಬರೀ ಹುಲ್ಲು.

ಹಾರುವವರಿಗೆ ಬೇಕಾಗಿರೋದೂ ಇದೇ. ಪಶ್ಚಿಮದಿಂದ ಬರುವ ಗಾಳಿ ಇಳಿಜಾರಿಗೆ ಬಡಿದು, ಬೇರೆ ದಾರಿಯಿಲ್ಲದೆ ಮೇಲಕ್ಕೆ ಏರುತ್ತೆ. ಆ ಏರುಗಾಳಿಯಲ್ಲಿ ಇಂಜಿನ್ ಇಲ್ಲದೆ ಎಷ್ಟೋ ಹೊತ್ತು ತೇಲಬಹುದು. ಆದರೆ ಪ್ಯಾರಾಗ್ಲೈಡರ್‌ನ ಮಾಮೂಲಿ ವೇಗ ಗಂಟೆಗೆ 35-40 ಕಿಲೋಮೀಟರ್. ಗಾಳಿಯೂ ಅಷ್ಟೇ ಜೋರಾದರೆ ಮುಂದೆ ಹೋಗೋಕಾಗಲ್ಲ. ಅದಕ್ಕಿಂತ ಜಾಸ್ತಿಯಾದರೆ ಗುಡ್ಡದ ಹಿಂದಕ್ಕೆ, ಸುಳಿಗಾಳಿಯೊಳಕ್ಕೆ ತಳ್ಳಿಬಿಡುತ್ತೆ. ನನ್ನನ್ನು ಕರೆದುಕೊಂಡು ಹೋಗಿದ್ದ ಸಹೋದ್ಯೋಗಿ ಗಾಳಿಮಾಪಕ ನೋಡಿ, ‘ಇವತ್ತು ಆಗಲ್ಲ, ಕಾಯೋಣ’ ಅಂದ. ಕೂತೆವು.

ಹಾಗೆ ಗುಡ್ಡದ ಬುಡದಲ್ಲಿ ಕೂತಿದ್ದಾಗಲೇ ಹುಲ್ಲಿನ ನಡುವೆ ಒಂದು ತಲೆ ಎದ್ದಿತು. ಅಳಿಲಿನಂಥದ್ದು, ಆದರೆ ಪೊದೆಬಾಲ ಇಲ್ಲ. ಹಿಂಗಾಲಿನ ಮೇಲೆ ಕಂಬದ ಹಾಗೆ ನಿಂತು ನಮ್ಮನ್ನು ನೋಡಿ, ಶಿಳ್ಳೆ ಹಾಕಿ, ಬಿಲದೊಳಗೆ ಮಾಯ. ಚೆಕ್ ಭಾಷೆಯಲ್ಲಿ ಇದು ಸಿಸೆಲ್. ಮರ ಹತ್ತದೆ ನೆಲದಲ್ಲೇ ಬಿಲ ತೋಡಿ ಬದುಕುತ್ತೆ, ಚಳಿಗಾಲವಿಡೀ ನಿದ್ದೆ. ಒಂದು ಕಾಲಕ್ಕೆ ಬೆಳೆ ಹಾಳುಮಾಡುತ್ತೆ ಅಂತ ಜನ ಕೊಲ್ಲುತ್ತಿದ್ದ ಈ ಪ್ರಾಣಿ ಈಗ ಆ ದೇಶದಲ್ಲಿ ಅಳಿವಿನಂಚಿನಲ್ಲಿದೆ.

ರಾನಾ ಒಂದು ರಾಷ್ಟ್ರೀಯ ನಿಸರ್ಗ ಮೀಸಲು. ಅಂದರೆ ಬೇಲಿ ಹಾಕಿ, ಯಾರೂ ಮುಟ್ಟದ ಹಾಗೆ ಬಿಟ್ಟರೆ ಸಾಕು ಅಂದುಕೊಂಡಿದ್ದೆ. ಸಹೋದ್ಯೋಗಿ ನಕ್ಕ. ಹಾಗೆ ಬಿಟ್ಟರೇ ಕೆಡುತ್ತಂತೆ! ಪಶ್ಚಿಮದ ಬೆಟ್ಟಸಾಲು ಮಳೆ ತಡೆಯುವುದರಿಂದ ಇದು ದೇಶದ ಅತಿ ಒಣ ಪ್ರದೇಶಗಳಲ್ಲಿ ಒಂದು. ಬಿಸಿಲಿಗೆ ಕಾಯುವ ತೆಳು ಮಣ್ಣಿನಲ್ಲಿ, ರೇಷ್ಮೆಯ ಎಳೆಗಳಂತೆ ತೂಗುವ ಅಪರೂಪದ ಹುಲ್ಲುಗಳಿವೆ. ಆದರೆ ಇಳಿಜಾರು ಬೋಳಾಗಿ ಉಳಿದಿದ್ದಕ್ಕೆ ತಲೆಮಾರುಗಳಿಂದ ಮೇಯ್ದ ಕುರಿಗಳೂ ಕಾರಣ. ಕುರಿ ಹೋದರೆ ಹುಲ್ಲು ಒತ್ತಾಗುತ್ತೆ, ಪೊದೆ ಬರುತ್ತೆ. ಎತ್ತರದ ಹುಲ್ಲಿನಲ್ಲಿ ಸಿಸೆಲ್‌ಗೆ ನರಿ, ಹದ್ದು ಬರೋದು ಕಾಣಲ್ಲ. ಹಾಗಾಗಿ ಹುಲ್ಲು ಕತ್ತರಿಸುತ್ತಲೇ, ಮೇಯಿಸುತ್ತಲೇ ಇರಬೇಕು. ಚೆಕ್ ದೇಶದಲ್ಲಿ ಸಿಸೆಲ್‌ಗಳು ಸಣ್ಣ ವಿಮಾನಗಳ ಮೈದಾನಗಳಲ್ಲಿ ಉಳಿದುಕೊಂಡಿರುವುದೂ ಇದಕ್ಕೇ. ವಿಮಾನಕ್ಕೆ ಅಂತ ಕತ್ತರಿಸಿದ ಹುಲ್ಲು ಅವುಗಳ ಜೀವ ಉಳಿಸಿದೆ.

ಇದನ್ನು ಕೇಳಿ ನನಗೆ ಸ್ವಲ್ಪ ಇರಿಸುಮುರಿಸಾಯ್ತು. ಯಾಕಂದ್ರೆ ಊರಲ್ಲಿದ್ದಾಗ ಎರಡು ಸಲ ಆಫೀಸಿನವರ ಜೊತೆ ಗಿಡ ನೆಡೋಕೆ ಹೋಗಿದ್ದೆ. ಎರಡೂ ಸಲ ಖಾಲಿ ಹುಲ್ಲುಗಾವಲಿನಲ್ಲಿ ಗುಂಡಿ ತೋಡಿ, ಗಿಡ ನೆಟ್ಟು, ಕೈಗೆ ಮಣ್ಣು ಮೆತ್ತಿಕೊಂಡ ಫೋಟೋ ಹಾಕಿದ್ದೆ. ಸಿಕ್ಕ ಲೈಕುಗಳೂ ಕಮ್ಮಿಯಲ್ಲ! ಅಲ್ಲಿ ಮೊದಲು ಏನಿತ್ತು, ಯಾರು ವಾಸವಿದ್ದರು ಅಂತ ನಾವ್ಯಾರೂ ಕೇಳಲಿಲ್ಲ. ಮರ ಇಲ್ಲ ಅಂದರೆ ಏನೂ ಇಲ್ಲ ಅನ್ನೋದು ನಮ್ಮ ಲೆಕ್ಕ. ಬಯಲಲ್ಲಿ ಓಡಬೇಕಾದ ಕೃಷ್ಣಮೃಗಕ್ಕೆ ಹೆಸರಾದ ರಾಣೆಬೆನ್ನೂರು ಅಭಯಾರಣ್ಯದಲ್ಲೂ ನೀಲಗಿರಿ ನೆಡುತೋಪುಗಳೇ ಎದ್ದಿವೆ. ಆಗ ನೆಟ್ಟವರ ಉದ್ದೇಶವೂ ಕೆಟ್ಟದ್ದಿರಲಿಕ್ಕಿಲ್ಲ, ನನ್ನ ಹಾಗೆಯೇ.

ಸಂಜೆಯಾದರೂ ಗಾಳಿ ಇಳಿಯಲಿಲ್ಲ. ಬಿಚ್ಚದ ಚೀಲವನ್ನು ಹೆಗಲಿಗೇರಿಸಿಕೊಂಡು ಬಸ್ಸಿನ ಕಡೆ ಹೊರಟೆವು.

ಆ ಕಡೆ ಹೋಗುವವರಿದ್ದರೆ ಖಂಡಿತ ರಾನಾಗೆ ಹೋಗಿ ಬನ್ನಿ. ಗುರುತು ಮಾಡಿದ ಕಾಲುದಾರಿ ಬಿಡಬೇಡಿ, ತೆಳು ಮಣ್ಣು ಬೇಗ ಕುಸಿಯುತ್ತೆ. ಸಿಸೆಲ್ ಮುದ್ದಾಗಿದೆ ಅಂತ ಬಿಸ್ಕತ್ ಹಾಕಬೇಡಿ. ಇಲ್ಲೇ ಇರುವವರು, ಮುಂದಿನ ಸಲ ಆಫೀಸಿಂದ ‘ಗಿಡ ನೆಡೋಣ ಬನ್ನಿ’ ಅಂತ ಮೇಲ್ ಬಂದಾಗ ಹೋಗಬೇಡಿ ಅಂತ ಹೇಳ್ತಿಲ್ಲ. ಜಾಗ ಯಾವುದು, ಅಲ್ಲಿ ಈಗ ಏನಿದೆ ಅಂತ ಒಂದು ಮಾತು ಕೇಳಿ. ನಾನು ಕೇಳೋಕೆ ಶುರು ಮಾಡಿದ್ದೀನಿ.