ಮನೆಯ ಡಬ್ಬಿಯಲ್ಲಿ ನಡೆಯದ ಪ್ರವಚನ

ನಾನು ಸರ್ಕಾರಿ ಇಂಜಿನಿಯರ್ ಆಗಿ ದುಡಿದು ನಿವೃತ್ತನಾದವನು. ಹುಮನಾಬಾದಿನಲ್ಲಿ ನನ್ನ ಕೈಯಿಂದಲೇ ಆದ ಒಂದು ತಪ್ಪನ್ನು ಮೊದಲು ಒಪ್ಪಿಕೊಳ್ಳುತ್ತೇನೆ.

ನಮ್ಮಲ್ಲಿ ತಿಂಗಳ ಪ್ರವಚನ ಮುಗಿದಾಗ ಅದರ ವಿಡಿಯೊವನ್ನು ಡಿಸ್ಕಿಗೆ ಹಾಕಿ ಹಿರಿಯರಿಗೆ ಹಂಚುವ ಕೆಲಸ ನಾನು ವಹಿಸಿಕೊಂಡೆ. ಕಂಪ್ಯೂಟರಿನಲ್ಲಿದ್ದ ಎಂಪಿ4 ಫೈಲನ್ನು ಇದ್ದಂತೆಯೇ 40 ಡಿಸ್ಕಿಗೆ ನಕಲು ಮಾಡಿ ಕೊಟ್ಟೆ. ಕೆಲವು ತಿಂಗಳ ಮೇಲೆ ನಮ್ಮ ಓಣಿಯ ಹಿರಿಯ ತಾಯಿಯೊಬ್ಬರ ಮನೆಗೆ ಹೋದರೆ, ಆ ಡಿಸ್ಕು ಲಿಂಗಪೂಜೆಯ ಮಾಡದಲ್ಲಿ ವಿಭೂತಿ ಹಚ್ಚಿಸಿಕೊಂಡು ಕುಳಿತಿತ್ತು. 'ಯವ್ವಾ, ನೋಡಿದ್ರೇನು?' ಎಂದೆ. 'ಇಲ್ಲಪ ತಮ್ಮಾ, ಅದು ಹತ್ತಲಿಲ್ಲ. ನಮ್ಮ ಡಬ್ಬಿನೇ ಕೆಟ್ಟದಂತ ರಿಪೇರಿಗೆ ಕೊಟ್ಟು ರೊಕ್ಕಾನೂ ಹೋಯ್ತು. ನಿಂಗ್ಯಾಕ ತ್ರಾಸಂತ ಸುಮ್ನಾದೆ' ಎಂದರು.

ಡಬ್ಬಿ ಕೆಟ್ಟಿರಲಿಲ್ಲ. ಕೆಟ್ಟದ್ದು ನನ್ನ ಕೆಲಸ.

ವಿಷಯ ಇಷ್ಟೇ. ಕಂಪ್ಯೂಟರ್ ಫೈಲನ್ನು ಓದುವ ಯಂತ್ರ. ಮನೆಯ ಹಳೆಯ ಡಿವಿಡಿ ಪ್ಲೇಯರ್ ಒಂದು ಗೊತ್ತಾದ ಕಟ್ಟಳೆಯನ್ನು ಮಾತ್ರ ಬಲ್ಲ ಯಂತ್ರ. ಅದಕ್ಕೆ ಚಿತ್ರ ಎಂಪೆಗ್-2 ರೂಪದಲ್ಲಿರಬೇಕು. ನಮ್ಮ ದೇಶದ ಪಾಲ್ ಪದ್ಧತಿಯಂತೆ 720 ಅಡ್ಡ, 576 ಉದ್ದದ ಚುಕ್ಕೆಗಳು, ಸೆಕೆಂಡಿಗೆ 25 ಚಿತ್ರಗಳು ಇರಬೇಕು. ಅವೆಲ್ಲ ವಿಡಿಯೊ_ಟಿಎಸ್ ಎಂಬ ಫೋಲ್ಡರಿನಲ್ಲಿ ಅದರದೇ ಕ್ರಮದಲ್ಲಿ ಕುಳಿತಿರಬೇಕು. ಡಿವಿಡಿಸ್ಟೈಲರ್‌ನಂತಹ ಉಚಿತ ತಂತ್ರಾಂಶ ಈ ಪರಿವರ್ತನೆಯನ್ನು ತಾನೇ ಮಾಡಿಕೊಡುತ್ತದೆ.

ಲೆಕ್ಕವೂ ಕಷ್ಟದ್ದಲ್ಲ. ಸಾಮಾನ್ಯ ಡಿಸ್ಕಿನಲ್ಲಿ ಹಿಡಿಯುವುದು 470 ಕೋಟಿ ಬೈಟು. ಎರಡು ತಾಸಿನ ಪ್ರವಚನವಾದರೆ ಸೆಕೆಂಡಿಗೆ ಸುಮಾರು 50 ಲಕ್ಷ ಬಿಟ್ ಸಿಗುತ್ತದೆ; ಚಿತ್ರ ಚೊಕ್ಕಟವಾಗಿ ಬರುತ್ತದೆ. ಮೂರು ತಾಸು ತುರುಕಿದರೆ ಅದು 35 ಲಕ್ಷಕ್ಕೆ ಇಳಿದು ಮುಖಗಳು ಮಸುಕಾಗುತ್ತವೆ. ಆಗ ಎರಡು ಡಿಸ್ಕು ಮಾಡುವುದೇ ಲೇಸು. ನಿಧಾನ ವೇಗದಲ್ಲಿ ಬರ್ನ್ ಮಾಡಿ, ಕೊನೆಗೆ ಫೈನಲೈಸ್ ಮಾಡಬೇಕು. ಮೇಲೆ ಕಾಗದದ ಚೀಟಿ ಅಂಟಿಸಬಾರದು. ತಿರುಗುವಾಗ ತೂಕ ತಪ್ಪುತ್ತದೆ. ಎಲ್ಲಕ್ಕಿಂತ ಮುಖ್ಯ, ಮೊದಲ ಡಿಸ್ಕನ್ನು ಯಾರದಾದರೂ ಮನೆಯ ಹಳೆಯ ಪ್ಲೇಯರಿನಲ್ಲಿ ಹಾಕಿ ನೋಡಿದ ಮೇಲೆಯೇ ಉಳಿದವನ್ನು ಮಾಡಬೇಕು. ನಾನು ಬಿಟ್ಟದ್ದು ಇದೊಂದೇ ಹೆಜ್ಜೆ.

'ಈಗ ಎಲ್ಲಾ ಯೂಟ್ಯೂಬಿನಲ್ಲಿದೆ, ಡಿಸ್ಕು ಯಾರಿಗೆ ಬೇಕು?' ಎಂದು ಯುವಕರು ಕೇಳುತ್ತಾರೆ. ಯಾರ ಕೈಯಲ್ಲಿ ಮೊಬೈಲ್ ಇದೆಯೋ ಅವರಿಗೆ ಬೇಡ, ಸರಿ. ಆದರೆ ಹುಮನಾಬಾದ್, ಬಸವಕಲ್ಯಾಣದ ಹಳ್ಳಿಗಳಲ್ಲಿ ಮೊಬೈಲನ್ನು ಮಕ್ಕಳು ಪುಣೆಗೋ ಹೈದರಾಬಾದಿಗೋ ಒಯ್ದಿದ್ದಾರೆ. ತಾಯಿ ತಂದೆಯರ ಬಳಿ ಉಳಿದದ್ದು ಟಿವಿ ಮತ್ತು ಆ ಡಬ್ಬಿ. ಮಠಕ್ಕೆ ನಡೆದು ಬರಲಾರದವರು ಅವರೇ. ಪ್ರವಚನ ಬೇಕಾದದ್ದೂ ಅವರಿಗೇ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಅನುಭಾವವನ್ನು ಸಂಸ್ಕೃತದಲ್ಲಿ ಹೇಳಲಿಲ್ಲ. ದುಡಿಯುವ ಜನ ಆಡುವ ಕನ್ನಡದಲ್ಲಿ ಹೇಳಿದರು. ಕೇಳುವವನ ಮನೆಯಲ್ಲಿ ತೆರೆಯದ ಮಾತು ಅವರಿಗೆ ಮಾತೇ ಆಗಿರಲಿಲ್ಲ. ಮುಂದೆ ಅದೇ ವಚನಗಳು ತಾಡೋಲೆಗಳಲ್ಲಿ ಉಳಿದು, ಎಷ್ಟೋ ಮನೆಗಳಲ್ಲಿ ಓದುವವರಿಲ್ಲದೆ ಪೂಜೆಗೊಂಡವು. ಫ.ಗು. ಹಳಕಟ್ಟಿಯವರು ಆ ಕಟ್ಟುಗಳನ್ನು ಬಿಚ್ಚಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಅಚ್ಚು ಮಾಡಿಸಿದರು. ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೂ ಮಾರಿದರು. ತಾಡೋಲೆಯನ್ನು ಓದುಗನ ಕೈಗೆ ಸಿಗುವ ರೂಪಕ್ಕೆ ತಂದದ್ದೇ ಅವರ ದಾಸೋಹ. ಮಾಡದಲ್ಲಿ ವಿಭೂತಿ ಹಚ್ಚಿಸಿಕೊಂಡ ನನ್ನ ಡಿಸ್ಕನ್ನು ಕಂಡಾಗ, ನೂರು ವರ್ಷದ ಹಿಂದೆ ಅವರು ಬಿಚ್ಚಿದ ಗಂಟನ್ನು ನಾನು ಮತ್ತೆ ಕಟ್ಟಿದೆನಲ್ಲ ಎನಿಸಿತು.

ಆದ್ದರಿಂದ ಪ್ರವಚನ ಚಿತ್ರೀಕರಿಸುವ ಮಠಗಳಲ್ಲಿ ಮತ್ತು ಬಳಗಗಳಲ್ಲಿ ನನ್ನ ವಿನಂತಿ ಮೂರು. ಹಂಚುವ ಮೊದಲು ಯಾರ ಮನೆಯಲ್ಲಿ ಯಾವ ಯಂತ್ರವಿದೆ ಎಂದು ಕೇಳಿರಿ. ಪೆನ್‌ಡ್ರೈವ್ ಹತ್ತುವ ಮನೆಗೆ ಪೆನ್‌ಡ್ರೈವ್, ಡಿಸ್ಕು ಹತ್ತುವ ಮನೆಗೆ ಡಿಸ್ಕು. ಎರಡನೆಯದು, ಡಿಸ್ಕು ಶಾಶ್ವತವಲ್ಲ. ನಮ್ಮ ಬಿಸಿಲಿಗೆ ಬೇಗ ಕೆಡುತ್ತದೆ. ಮೂಲ ಫೈಲನ್ನು ಎರಡು ಹಾರ್ಡ್‌ಡಿಸ್ಕಿನಲ್ಲಿ, ಎರಡು ಬೇರೆ ಊರಿನಲ್ಲಿ ಇಡಿರಿ. ಮೂರನೆಯದು, ಕೊಟ್ಟ ವಾರದಲ್ಲಿ ಮನೆಗೆ ಹೋಗಿ 'ಹತ್ತಿತೇನ್ರಿ?' ಎಂದು ಕೇಳಿರಿ. ನಮ್ಮ ಹಿರಿಯರು ತಾವಾಗಿ ದೂರು ಹೇಳುವವರಲ್ಲ.

ನಾನು ಆ 40 ಡಿಸ್ಕುಗಳನ್ನು ಹೊಸದಾಗಿ ಮಾಡಿ ಮನೆಮನೆಗೆ ಕೊಟ್ಟು ಬಂದೆ. ಮೂವರು ಆ ಹೊತ್ತಿಗೆ ಲಿಂಗೈಕ್ಯರಾಗಿದ್ದರು. ಕಾಯಕದಲ್ಲಿ ತಡವಾದರೆ ಯಾರಿಗೆ ನಷ್ಟವೆಂದು ಆ ಮೂರು ಡಿಸ್ಕುಗಳು ನನಗೆ ಕಲಿಸಿವೆ.